ಬಂಡಿಹಬ್ಬದ ಚಂದ್ರನ ಕೆಳಗಿನ ನಕ್ಷತ್ರ

ಅಂಕೋಲೆಯಲ್ಲಿ ವೈಶಾಖದ ಹುಣ್ಣಿಮೆ ಎಂದರೆ ಬಂಡಿಹಬ್ಬ. ಭೂಮ್ತಾಯಿ ಶಾಂತಾದುರ್ಗೆಗೆ ಕೈಮುಗಿದು, ಗದ್ದಲ ಕರಗಿ, ಜನ ಮನೆಯತ್ತ ಹೆಜ್ಜೆ ಹಾಕುವಷ್ಟರಲ್ಲಿ ರಾತ್ರಿ ಬಹಳವಾಗಿರುತ್ತದೆ. ಆಗ ಒಮ್ಮೆ ತಲೆಯೆತ್ತಿ ಚಂದ್ರನನ್ನು ನೋಡಬೇಕು. ಹನ್ನೆರಡೂವರೆಯ ಸುಮಾರಿಗೆ ಅವನು ಆ ರಾತ್ರಿಯ ಅತಿ ಎತ್ತರಕ್ಕೆ ಏರಿ, ನೇರ ದಕ್ಷಿಣಕ್ಕೆ ನಿಂತಿರುತ್ತಾನೆ. ಅಲ್ಲಿಂದ ಕಣ್ಣನ್ನು ನೆಟ್ಟಗೆ ಕೆಳಗಿಳಿಸುತ್ತ ಬನ್ನಿ. ತೆಂಗಿನ ಮರಗಳ ತಲೆ ಮುಟ್ಟುವ ಮೊದಲೇ, ದಿಗಂತದಿಂದ, ಚಾಚಿದ ಕೈಯ ಒಂದೂವರೆ ಮುಷ್ಟಿಯಷ್ಟು ಮೇಲೆ, ಹಳದಿ ಛಾಯೆಯ ಒಂದು ದೊಡ್ಡ ಚುಕ್ಕಿ ಸಿಗುತ್ತದೆ. ಅದರ ಬಲಕ್ಕೆ, ಅರ್ಧ ಮುಷ್ಟಿಯೂ ಆಗದ ದೂರದಲ್ಲಿ, ನೀಲಿ ಬಿಳುಪಿನ ಇನ್ನೊಂದು. ಹುಣ್ಣಿಮೆಯ ಬೆಳಕಿಗೆ ಸಣ್ಣಪುಟ್ಟ ನಕ್ಷತ್ರಗಳೆಲ್ಲ ಅಳಿಸಿಹೋಗಿದ್ದರೂ ಇವೆರಡು ಉಳಿದಿರುತ್ತವೆ.

ವೈಶಾಖ ಮಾಸಕ್ಕೆ ಆ ಹೆಸರು ಬಂದದ್ದೇ ಹುಣ್ಣಿಮೆಯ ಚಂದ್ರ ವಿಶಾಖಾ ನಕ್ಷತ್ರದ ಆಸುಪಾಸಿನಲ್ಲಿ ಇರುತ್ತಾನೆಂದು. ಆ ವಿಶಾಖೆಯೂ ನಾನು ಹೇಳುತ್ತಿರುವ ಚುಕ್ಕಿಯೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ದಕ್ಷಿಣದ ರೇಖೆಯನ್ನು ದಾಟುತ್ತವೆ. ಹಾಗಾಗಿ ಬಂಡಿಹಬ್ಬದ ಚಂದ್ರನೇ ಅದನ್ನು ಬೆರಳಿಟ್ಟು ತೋರಿಸುತ್ತಾನೆ. ಒಂದು ವರ್ಷ ಕೊಂಚ ಎಡಕ್ಕೆ, ಇನ್ನೊಂದು ವರ್ಷ ಕೊಂಚ ಬಲಕ್ಕೆ ಸರಿದಿದ್ದಾನು, ಅಷ್ಟೆ.

ಹಬ್ಬದ ರಾತ್ರಿ ನನ್ನ ಕೈಹಿಡಿದು ನಡೆಯುತ್ತಿದ್ದ ಅಕ್ಕನ ಮಗ ಅವೆರಡನ್ನೂ ನೋಡಿ ಕೇಳಿದ: "ಮಾವಾ, ಅವು ಅಣ್ಣತಮ್ಮನಾ?"

ಅಲ್ಲ ಎಂದೆ. ಅಷ್ಟಕ್ಕೇ ಬಿಟ್ಟೆ. ಪೂರ್ತಿ ಉತ್ತರ ಹೇಳಲು ದಾರಿ ಸಾಲುತ್ತಿರಲಿಲ್ಲ. ಆ ಚುಕ್ಕಿಯ ನಿಜವಾದ ಒಡಹುಟ್ಟಿದವರನ್ನು ಕಂಡುಹಿಡಿಯಲು ಮನುಷ್ಯರಿಗೆ 327 ವರ್ಷ ಹಿಡಿದಿದೆ. ಆ ಕತೆಯ ಮೊದಲ ಪುಟ ನಮ್ಮ ದೇಶದ ಇನ್ನೊಂದು ಕಡಲ ದಂಡೆಯಲ್ಲಿ ಬರೆಯಲ್ಪಟ್ಟಿತು.

ಎಡಗಡೆಯ ದೊಡ್ಡ ಚುಕ್ಕಿ ಆಲ್ಫಾ ಸೆಂಟಾರಿ. ನಮ್ಮ ಖಗೋಳ ಪುಸ್ತಕಗಳು ಕಿನ್ನರ ಎಂದು ಕರೆಯುವ ಪುಂಜದ ಕಾಲು. ಸೂರ್ಯನನ್ನು ಬಿಟ್ಟರೆ ಬರಿಗಣ್ಣಿಗೆ ಕಾಣುವ ನಕ್ಷತ್ರಗಳಲ್ಲೆಲ್ಲ ನಮಗೆ ಅತಿ ಹತ್ತಿರದ್ದು. ಹೊಳಪಿನಲ್ಲಿ ಲುಬ್ಧಕ, ಅಗಸ್ತ್ಯರ ನಂತರ ಮೂರನೆಯ ಸ್ಥಾನ. ಬಲಗಡೆಯದು ಬೀಟಾ ಸೆಂಟಾರಿ, ಹಡಾರ್ ಎಂದೂ ಹೆಸರು. ಇನ್ನೂ ಬಲಕ್ಕೆ ಹೋದರೆ ಪಡುವಣಕ್ಕೆ ವಾಲುತ್ತಿರುವ ತ್ರಿಶಂಕು: ವಿಶ್ವಾಮಿತ್ರರು ಮೇಲೆ ಕಳಿಸಿ, ಇಂದ್ರ ಕೆಳಗೆ ತಳ್ಳಿ, ನಡುವೆ ತಲೆಕೆಳಗಾಗಿ ನಿಂತುಬಿಟ್ಟ ಅರಸ. ನಮ್ಮ ಕರಾವಳಿಗೆ ಕುದುರೆ ತಂದು ಮೆಣಸು ಒಯ್ಯುತ್ತಿದ್ದ ಅರಬ್ಬೀ ನಾವಿಕರಿಗೆ ಆಲ್ಫಾ, ಬೀಟಾ ಎರಡೂ ಸೇರಿ 'ಎರಡು ಕತ್ತೆಗಳು'. ಅವು ದಿಗಂತದಿಂದ ಎಷ್ಟು ಬೆರಳು ಮೇಲಿವೆ ಎಂದು ಅಳೆದು ತಮ್ಮ ಹಡಗು ಎಷ್ಟು ತೆಂಕಲಿದೆ ಎಂದು ಅವರು ತಿಳಿಯುತ್ತಿದ್ದರು.

ಹುಡುಗನ ಕಣ್ಣಿಗೆ ಜೋಡಿಯಾಗಿ ಕಂಡದ್ದು ತಪ್ಪಲ್ಲ. ಆದರೆ ಆ ಸಾಮೀಪ್ಯ ಕಣ್ಣಿನ ಮಟ್ಟದ್ದು. ಹಡಾರ್ ನಮ್ಮಿಂದ ಸುಮಾರು 390 ಜ್ಯೋತಿರ್ವರ್ಷ ದೂರದಲ್ಲಿದೆ. ಇಂಗ್ಲಿಷರ ಕೋರ್ಟೀನ್ ಕಂಪನಿ 1638ರಲ್ಲಿ ಕಾರವಾರದಲ್ಲಿ ಕೋಠಿ ತೆರೆದ ಕಾಲದ ಆಸುಪಾಸಿನಲ್ಲಿ ಅಲ್ಲಿಂದ ಹೊರಟ ಬೆಳಕು ಈಗ ನಮ್ಮ ಕಣ್ಣು ಮುಟ್ಟುತ್ತಿದೆ. ಆಲ್ಫಾದ ಬೆಳಕು ಹೊರಟದ್ದು ಬರೀ 4 ವರ್ಷ ಚಿಲ್ಲರೆ ಹಿಂದೆ. ನನ್ನ ಅಳಿಯ ಆಗ ಅಂಗನವಾಡಿಗೆ ಹೋಗುತ್ತಿದ್ದ. ಒಂದು ಮನೆಯ ಅಂಗಳದಲ್ಲಿ, ಇನ್ನೊಂದು ನೂರು ಹರದಾರಿ ಆಚೆ. ನಡುವೆ ನೆಂಟಸ್ತಿಕೆ ಏನೂ ಇಲ್ಲ.

ನಿಜವಾದ ನೆಂಟರು ಇರುವುದು ಆ ಎಡಗಡೆಯ ಒಂದೇ ಚುಕ್ಕಿಯ ಒಳಗೆ.

ಅದನ್ನು ಮೊದಲು ಕಂಡವರು ಜ್ಯಾಂ ರಿಶೋ ಎಂಬ ಫ್ರೆಂಚ್ ಜೆಸುಯಿಟ್ ಪಾದ್ರಿ. ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ, ಸಿಯಾಮಿನ ದೊರೆ ನಾರಾಯ್‌ನ ಆಸ್ಥಾನಕ್ಕೆ ಗಣಿತ ಬಲ್ಲ ಪಾದ್ರಿಗಳನ್ನು ಕಳಿಸುತ್ತಿದ್ದ ಕಾಲ ಅದು. ನಾರಾಯ್ ಎಂದರೆ ನಮ್ಮ ನಾರಾಯಣನೇ. ಆ ದೊರೆಗೆ ಗ್ರಹಣ, ಗ್ರಹಗಳಲ್ಲಿ ತುಂಬ ಆಸಕ್ತಿ. 1687ರಲ್ಲಿ ಹೋದ ತಂಡದಲ್ಲಿ ರಿಶೋ ಇದ್ದರು. ಮರುವರ್ಷವೇ ಅಲ್ಲಿ ದಂಗೆಯಾಯಿತು, ನಾರಾಯ್ ತೀರಿಕೊಂಡ, ಫ್ರೆಂಚರು ಊರು ಬಿಡಬೇಕಾಯಿತು. ಹಾಗೆ ನೆಲೆ ತಪ್ಪಿ ಬಂದ ರಿಶೋ ಪುದುಚೇರಿಯಲ್ಲಿ ಇಳಿದರು. ಕೈಯಲ್ಲಿ ಸುಮಾರು 12 ಅಡಿ ಉದ್ದದ ಒಂದು ದೂರದರ್ಶಕ ಇತ್ತು.

ಈ 12 ಅಡಿಯನ್ನು ಇಂದಿನ ಲೆಕ್ಕದಲ್ಲಿ ನೋಡಬಾರದು. ಆ ಕಾಲದ ಗಾಜಿನಲ್ಲಿ ಬಣ್ಣಗಳು ಒಡೆದು ಚಿತ್ರ ಕಲಸಿಹೋಗುತ್ತಿದ್ದುದರಿಂದ, ಕೊಳವೆಯನ್ನು ಉದ್ದುದ್ದ ಮಾಡುವುದೊಂದೇ ಉಪಾಯವಾಗಿತ್ತು. ಮಸೂರ ಸಣ್ಣದು, ಕೊಳವೆ ಆಳೆತ್ತರಕ್ಕಿಂತ ಎರಡು ಪಟ್ಟು. ಅದನ್ನು ಹಿಡಿದು ನಿಲ್ಲಿಸುವುದೇ ಒಂದು ಕೆಲಸ. ಗಾಳಿಗೆ ಅಲುಗಿದರೆ ನಕ್ಷತ್ರ ಜಾರಿಹೋಗುತ್ತದೆ.

1689ರ ಡಿಸೆಂಬರ್. ಬೆಳಗಿನ ಜಾವ ಆಗ್ನೇಯದ ಆಕಾಶದಲ್ಲಿ ಒಂದು ಧೂಮಕೇತು ಕಾಣಿಸಿಕೊಂಡಿತು. ರಿಶೋ ದಿನಾ ಎದ್ದು ಅದರ ಹಾದಿಯನ್ನು ಗುರುತು ಹಾಕಿಕೊಳ್ಳುತ್ತಿದ್ದರು. ಹಾದಿ ಗುರುತಿಸಲು ಸುತ್ತಲಿನ ನಕ್ಷತ್ರಗಳು ಬೇಕಲ್ಲ. ಅದಕ್ಕಾಗಿ ಕಿನ್ನರನ ಕಾಲುಗಳತ್ತ ಕೊಳವೆ ತಿರುಗಿಸಿದರು. ಎರಡು ಕಾಲುಗಳಲ್ಲಿ ಮೂಡಣದ್ದು, ಹೆಚ್ಚು ಹೊಳೆಯುವುದು, ಒಂದಾಗಿರಲಿಲ್ಲ. ಒಂದಕ್ಕೊಂದು ತಾಗಿದಂತೆ ಎರಡು ಬೆಳಕಿನ ಹನಿಗಳು ಅಲ್ಲಿದ್ದವು. ಒಂದು ಸಲ ನೋಡಿ ನಂಬಲಿಲ್ಲ. ಮತ್ತೆ ಮತ್ತೆ ನೋಡಿದರು. ತ್ರಿಶಂಕುವಿನ ಬುಡದ ನಕ್ಷತ್ರವೂ ಹೀಗೆ ಎರಡಾಗಿರುವುದನ್ನು ಅವರದೇ ಪಂಥದ ಪಾದ್ರಿ ಫೊಂತನೆ 1685ರಲ್ಲಿ ಆಫ್ರಿಕದ ಕೇಪ್‌ನಲ್ಲಿ ಕಂಡಿದ್ದರು. ಇದೂ ಅದೇ ಜಾತಿಯದ್ದು ಎಂದು ರಿಶೋ ಬರೆದಿಟ್ಟರು.

ಆ ಬೆಳಗುಗಳನ್ನು ನೆನೆದರೆ ನನಗೆ ಅಚ್ಚರಿ ಹೆಚ್ಚುತ್ತದೆ. ಡಿಸೆಂಬರಿನಲ್ಲಿ ಈ ನಕ್ಷತ್ರ ಸೂರ್ಯೋದಯಕ್ಕೆ ತುಸು ಮೊದಲಷ್ಟೇ ಮೂಡುತ್ತದೆ. ಪುದುಚೇರಿಯಲ್ಲಿ ಅದು ಸಮುದ್ರದ ಮೇಲೆ ಕೆಲವೇ ಡಿಗ್ರಿ ಏರುವಷ್ಟರಲ್ಲಿ ಬೆಳಕು ಹರಿಯುತ್ತದೆ. ಅಷ್ಟು ತಗ್ಗಿನಲ್ಲಿ ನಕ್ಷತ್ರದ ಬೆಳಕು ದಪ್ಪ, ತೇವದ ಗಾಳಿಯನ್ನು ಸೀಳಿಕೊಂಡು ಬರಬೇಕು. ನೋಡುವವರಿಗೆ ಕುದಿಯುವ ನೀರಿನ ತಳದಲ್ಲಿ ಕಾಸು ಹುಡುಕಿದ ಹಾಗೆ. ಹ್ಯಾಲಿಯಂಥ ಘಟಾನುಘಟಿ 1677ರಲ್ಲಿ ಸೇಂಟ್ ಹೆಲೆನಾ ದ್ವೀಪದಲ್ಲಿ ಕುಳಿತು 341 ತೆಂಕಣ ನಕ್ಷತ್ರಗಳ ಪಟ್ಟಿ ಮಾಡಿದ್ದರು. ಅಲ್ಲಿ ಈ ನಕ್ಷತ್ರ ಇನ್ನೂ ಎತ್ತರದಲ್ಲಿತ್ತು. ಆದರೂ ಒಂದರೊಳಗಿನ ಎರಡು ಹೊರಬಂದದ್ದು ನಮ್ಮ ಪೂರ್ವ ಕರಾವಳಿಯಲ್ಲಿ, ಬೇರೇನನ್ನೋ ನೋಡಲು ಎದ್ದ ಒಬ್ಬ ನಿರಾಶ್ರಿತನ ಕಣ್ಣಿಗೆ.

ರಿಶೋ 1693ರಲ್ಲಿ ತೀರಿಕೊಂಡರು. ತಾವು ಕಂಡ ಎರಡು ಹನಿಗಳು ನಿಜವಾಗಿ ಜೊತೆಗಾರರೋ, ಆಲ್ಫಾ ಮತ್ತು ಹಡಾರ್‌ಗಳಂತೆ ಹಿಂದೆಮುಂದೆ ನಿಂತು ಒಂದಾಗಿ ಕಂಡವೋ ಎಂದು ತಿಳಿಯುವ ದಾರಿ ಅವರಿಗೆ ಇರಲಿಲ್ಲ. ಅದಕ್ಕೆ ಬೇಕಾದದ್ದು ಎರಡು ಸಂಗತಿ: ದೂರ ಎಷ್ಟೆಂದು ಗೊತ್ತಾಗಬೇಕು, ಒಂದು ಇನ್ನೊಂದನ್ನು ಸುತ್ತುವುದು ಕಾಣಬೇಕು. ಎರಡಕ್ಕೂ ತಲೆಮಾರುಗಳ ತಾಳ್ಮೆ ಬೇಕು. ಕೇಪ್‌ಗೆ ಹೋಗಿದ್ದ ಖಗೋಳ ವಿಜ್ಞಾನಿ ಲಕಾಯ್ 1752ರಲ್ಲಿ ಆ ಎರಡರ ನಡುವಿನ ಅಂತರವನ್ನು ಮೊದಲ ಬಾರಿಗೆ ಅಳೆದು ಬರೆದರು. ಜೋಡಿ ನಕ್ಷತ್ರಗಳು ಸುಮ್ಮನೆ ಕಣ್ಣಿನ ಭ್ರಮೆಯಲ್ಲ, ಕೆಲವು ನಿಜಕ್ಕೂ ಒಂದನ್ನೊಂದು ಸುತ್ತುತ್ತವೆ ಎಂದು ವಿಲಿಯಂ ಹರ್ಷೆಲ್ 1803ರಲ್ಲಿ ಬೇರೆ ಜೋಡಿಗಳನ್ನು ನೋಡಿ ತೋರಿಸಿಕೊಟ್ಟರು. ಅಲ್ಲಿಗೆ ದಾರಿ ತೆರೆಯಿತು.

ದೂರದ ಮಾತು ಮೊದಲು.

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ನಿಂತು ನೋಡಿ. ಹತ್ತಿರದಲ್ಲಿ ಲಂಗರು ಹಾಕಿದ ಒಂದು ದೋಣಿ, ಅದರ ಹಿಂದೆ ದೂರದಲ್ಲಿ ದೇವಗಡ ದ್ವೀಪದ ದೀಪಸ್ತಂಭ. ದಂಡೆಯ ಮೇಲೆ ನೂರು ಹೆಜ್ಜೆ ನಡೆದು ಮತ್ತೆ ನೋಡಿ. ದೋಣಿ ದೀಪಸ್ತಂಭದ ಇನ್ನೊಂದು ಪಕ್ಕಕ್ಕೆ ಸರಿದಿರುತ್ತದೆ. ದೋಣಿ ಜರಗಿಲ್ಲ, ಜರಗಿದ್ದು ನೀವು. ನೀವು ನಡೆದ ದೂರ, ಅದು ಸರಿದಂತೆ ಕಂಡ ಕೋನ, ಇವೆರಡು ಗೊತ್ತಿದ್ದರೆ ನೀರಿಗೆ ಇಳಿಯದೆಯೇ ದೋಣಿಯ ದೂರ ಹೇಳಬಹುದು. ನಕ್ಷತ್ರಕ್ಕೂ ಇದೇ ಲೆಕ್ಕ. ನಡೆಯುವ ದಂಡೆ ಮಾತ್ರ ಭೂಮಿಯ ಕಕ್ಷೆ. ಜನವರಿಗೂ ಜುಲೈಗೂ ನಡುವೆ ನಾವು 30 ಕೋಟಿ ಕಿಲೋಮೀಟರ್ ಆಚೆ ಬಂದಿರುತ್ತೇವೆ. ಹತ್ತಿರದ ನಕ್ಷತ್ರ ಇದ್ದರೆ ಅದು ದೂರದ ನಕ್ಷತ್ರಗಳ ಎದುರು ಒಂದಿಷ್ಟು ಸರಿದಂತೆ ಕಾಣಬೇಕು.

ಸರಿಯುವುದು ಎಷ್ಟು? ಆಲ್ಫಾ ಸೆಂಟಾರಿ ಆರು ತಿಂಗಳಲ್ಲಿ ಸರಿಯುವುದು ಒಂದೂವರೆ ಆರ್ಕ್ ಸೆಕೆಂಡು. 3 ಕಿಲೋಮೀಟರ್ ದೂರದಲ್ಲಿ ಹಿಡಿದ ಒಂದು ರೂಪಾಯಿ ನಾಣ್ಯದ ಅಗಲ. ಎಲ್ಲ ನಕ್ಷತ್ರಗಳಲ್ಲಿ ಅತಿ ಹೆಚ್ಚು ಸರಿಯುವ ಗುಂಪಿನದೇ ಇಷ್ಟು ಎಂದರೆ, ಕೊಪರ್ನಿಕಸ್ ಆದ ಮೇಲೆ ಸುಮಾರು 300 ವರ್ಷ ಯಾರಿಗೂ ಇದು ಸಿಗದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಇದನ್ನು ಹಿಡಿದವರು ಸ್ಕಾಟ್‌ಲೆಂಡಿನ ಥಾಮಸ್ ಹೆಂಡರ್ಸನ್. ಮೊದಲು ವಕೀಲರ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. 1832ರಲ್ಲಿ ಕೇಪ್ ವೀಕ್ಷಣಾಲಯಕ್ಕೆ ಹೋದರು; ಆ ಜಾಗ ಹಿಡಿಸದೆ, ಆರೋಗ್ಯವೂ ಸರಿಯಿಲ್ಲದೆ ಮರುವರ್ಷವೇ ಬಿಟ್ಟು ಬಂದರು. ಅಷ್ಟರಲ್ಲಿ ಆಲ್ಫಾ ಸೆಂಟಾರಿಯ ಸ್ಥಾನವನ್ನು ಮತ್ತೆ ಮತ್ತೆ ಅಳೆದಿದ್ದರು. ಸೇಂಟ್ ಹೆಲೆನಾದಲ್ಲಿದ್ದ ಮ್ಯಾನುಯೆಲ್ ಜಾನ್ಸನ್ ಅವರಿಗೆ ಒಂದು ಸುಳಿವು ಕೊಟ್ಟರು: ಈ ನಕ್ಷತ್ರ ವರ್ಷದಿಂದ ವರ್ಷಕ್ಕೆ ಆಕಾಶದಲ್ಲಿ ಜಾಗ ಬದಲಿಸುತ್ತಿದೆ. ವರ್ಷಕ್ಕೆ 3.7 ಆರ್ಕ್ ಸೆಕೆಂಡಿನಂತೆ ಅದು ಹೋಗುತ್ತದೆ. ಗೇರುಸೊಪ್ಪೆಯ ಚೆನ್ನಭೈರಾದೇವಿ ಮಿರ್ಜಾನ ಕೋಟೆಯಿಂದ ಇದನ್ನು ನೋಡಿದ್ದರೆ, ಆಗಿನಿಂದ ಈವರೆಗೆ ಅದು ಹೆಚ್ಚುಕಡಿಮೆ ಒಂದು ಹುಣ್ಣಿಮೆ ಚಂದ್ರನ ಅಗಲದಷ್ಟು ನಡೆದಿದೆ. ಇಷ್ಟು ವೇಗವಾಗಿ ಜರಗುವುದು ಹತ್ತಿರದ್ದೇ ಇರಬೇಕು ಎಂದು ಹೆಂಡರ್ಸನ್ ಲೆಕ್ಕಕ್ಕೆ ಕೂತರು. ಆದರೆ ತಮ್ಮ ಉತ್ತರವನ್ನು ತಾವೇ ನಂಬದೆ ತಡಮಾಡಿದರು. 1839ರ ಜನವರಿಯಲ್ಲಿ ಪ್ರಕಟಿಸುವ ಹೊತ್ತಿಗೆ ಜರ್ಮನಿಯ ಬೆಸೆಲ್ ಇನ್ನೊಂದು ನಕ್ಷತ್ರದ ದೂರವನ್ನು ಹೇಳಿ ಎರಡು ತಿಂಗಳಾಗಿತ್ತು. ಮೊದಲಿಗರೆಂಬ ಹೆಸರು ಬೆಸೆಲ್‌ಗೆ ಹೋಯಿತು. ಹೆಂಡರ್ಸನ್ ಅವರ ಕೋನ ನಿಜಕ್ಕಿಂತ ದೊಡ್ಡದಾಗಿತ್ತು, ಅಂದರೆ ದೂರ ಕಡಿಮೆ ಬಂದಿತ್ತು. ಆದರೂ ಅತಿ ಹತ್ತಿರದ ನೆರೆಮನೆಯ ಬಾಗಿಲು ಮೊದಲು ತಟ್ಟಿದವರು ಅವರೇ.

ಇನ್ನು ಸುತ್ತಾಟದ ಮಾತು. ಇಲ್ಲಿ ಕತೆ ಮತ್ತೆ ನಮ್ಮ ಕಡೆಗೆ ಬರುತ್ತದೆ, ಮತ್ತು ನನಗೆ ಬಹಳ ಇಷ್ಟವಾದ ಭಾಗ ಇದು.

ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ಎಂಜಿನಿಯರ್ ದಳದಲ್ಲಿ ವಿಲಿಯಂ ಸ್ಟೀಫನ್ ಜೇಕಬ್ ಎಂಬ ಅಧಿಕಾರಿ ಇದ್ದರು. 1842ರಲ್ಲಿ ಪುಣೆಯಲ್ಲಿ ತಮ್ಮದೇ ಒಂದು ಚಿಕ್ಕ ವೀಕ್ಷಣಾಲಯ ಕಟ್ಟಿಕೊಂಡರು. ಹಗಲು ಸರ್ಕಾರದ ಕೆಲಸ, ರಾತ್ರಿ ನಕ್ಷತ್ರ. ಅಲ್ಲಿಂದ 244 ಜೋಡಿ ನಕ್ಷತ್ರಗಳ ಪಟ್ಟಿ ಮಾಡಿ ಲಂಡನ್ನಿಗೆ ಕಳಿಸಿದರು. ಅದರ ಬಲದಿಂದ ಮದ್ರಾಸ್ ವೀಕ್ಷಣಾಲಯದ ಮುಖ್ಯಸ್ಥರಾದರು. ಆಗ ಮದ್ರಾಸಿನಲ್ಲಿ ಅದೇ ಹುಚ್ಚಿನ ಇನ್ನೊಬ್ಬರಿದ್ದರು: ಹೈಸ್ಕೂಲಿನ ಮುಖ್ಯೋಪಾಧ್ಯಾಯ ಐರ್ ಬರ್ಟನ್ ಪೊವೆಲ್. ಮುಂದೆ ತಿರುವಾಂಕೂರು, ಇಂದೋರ್, ಬರೋಡಾಗಳ ದಿವಾನರಾದ ಟಿ. ಮಾಧವರಾವ್ ಇವರ ಶಿಷ್ಯರು. ಶಾಲೆಯಲ್ಲಿದ್ದಾಗ ಮಾಧವರಾವ್ ಬಿದಿರಿನ ಕೊಳವೆಗೆ ಅಂಗಡಿಯ ಅಗ್ಗದ ಗಾಜು ಕೂರಿಸಿ ದೂರದರ್ಶಕ ಮಾಡಿಕೊಂಡರೆಂದು ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಅಂಥ ಮೇಷ್ಟರಿಗೆ ಅಂಥ ಶಿಷ್ಯ.

ಜೇಕಬ್, ಪೊವೆಲ್ ಇಬ್ಬರೂ ಆಲ್ಫಾ ಸೆಂಟಾರಿಯ ಎರಡು ಹನಿಗಳನ್ನು ವರ್ಷ ವರ್ಷ ಅಳೆದರು. ಚಿಕ್ಕದು ದೊಡ್ಡದರ ಯಾವ ದಿಕ್ಕಿಗಿದೆ, ಎಷ್ಟು ದೂರಕ್ಕಿದೆ. ಈ ವರ್ಷ ಇಷ್ಟು, ಬರುವ ವರ್ಷ ಅಷ್ಟು. ಹಳೆಯ ಅಳತೆಗಳ ಪಕ್ಕದಲ್ಲಿ ಇವನ್ನಿಟ್ಟಾಗ ಚುಕ್ಕಿಗಳು ಒಂದು ಬಾಗಿದ ಗೆರೆಯ ಮೇಲೆ ಬಂದು ಕೂತವು. ಅದು ಕಕ್ಷೆಯ ತುಂಡು. ತುಂಡಿನಿಂದ ಇಡೀ ಉಂಗುರವನ್ನು ಲೆಕ್ಕ ಹಾಕಬೇಕು; ಇಬ್ಬರೂ ಹಾಕಿದರು. ಸುತ್ತಿನ ಅವಧಿ 75-80 ವರ್ಷಗಳ ಆಸುಪಾಸು ಎಂದು ಆ ಕಾಲದ ಲೆಕ್ಕಗಳು ಹೇಳಿದವು. ಇಂದು ನಮಗೆ ಗೊತ್ತಿರುವ ಅವಧಿ ಸುಮಾರು 80 ವರ್ಷ. ಪುಣೆ, ಮದ್ರಾಸುಗಳ ಸಾಧಾರಣ ಉಪಕರಣಗಳಿಂದ ಇಷ್ಟು ಹತ್ತಿರ ಬಂದದ್ದು ಸಣ್ಣ ಮಾತಲ್ಲ. ಜೇಕಬ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, 70 ಒಫಿಯುಕಿ ಎಂಬ ಮತ್ತೊಂದು ಜೋಡಿಯಲ್ಲಿ ಕಣ್ಣಿಗೆ ಕಾಣದ ಗ್ರಹವೊಂದು ಇರಬೇಕೆಂದು 1855ರಲ್ಲಿ ಬರೆದರು. ಆ ವಾದ ನಿಲ್ಲಲಿಲ್ಲ. ಆದರೆ ಬೇರೆ ನಕ್ಷತ್ರಕ್ಕೆ ಗ್ರಹ ಇರಬಹುದೆಂದು ಅಳತೆಯ ಆಧಾರದ ಮೇಲೆ ವಾದಿಸಿದ ಮೊದಲ ಪ್ರಯತ್ನಗಳಲ್ಲಿ ಅದೊಂದು, ಮತ್ತು ಅದು ಮದ್ರಾಸಿನಿಂದ ಹೋದದ್ದು.

ಆಗ ಕಾರವಾರ, ಅಂಕೋಲೆಗಳೂ ಮದ್ರಾಸ್ ಪ್ರಾಂತದ ಕೆನರಾ ಜಿಲ್ಲೆಯಲ್ಲೇ ಇದ್ದವು. 1862ರಲ್ಲಿ ಉತ್ತರ ಕೆನರಾವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಅದೇ ವರ್ಷದ ಆಗಸ್ಟ್‌ನಲ್ಲಿ, ಪುಣೆಯ ಬಳಿ ಬೆಟ್ಟದ ಮೇಲೆ ಹೊಸ ವೀಕ್ಷಣಾಲಯ ಮಾಡಬೇಕೆಂದು ಇಂಗ್ಲೆಂಡಿನಿಂದ ಮರಳಿ ಬಂದ ಜೇಕಬ್, ಬಂದ ಕೆಲವೇ ದಿನಗಳಲ್ಲಿ ಪುಣೆಯಲ್ಲಿ ತೀರಿಕೊಂಡರು.

ಹೀಗೆ ರಿಶೋ ಕಂಡ ಎರಡು ಹನಿಗಳು ಕೂಡಿ ಬಾಳುವ ಸಂಸಾರ ಎಂದು ಖಾತ್ರಿಯಾಯಿತು. ದೊಡ್ಡದು ಎ: ನಮ್ಮ ಸೂರ್ಯನಿಗಿಂತ ತುಸು ಭಾರ, ಒಂದೂವರೆ ಪಟ್ಟು ಪ್ರಕಾಶ. ಚಿಕ್ಕದು ಬಿ: ಸೂರ್ಯನಿಗಿಂತ ತುಸು ಹಗುರ, ಬೆಳಕು ಅರ್ಧ. ಹತ್ತಿರ ಬಂದಾಗ ಅವುಗಳ ನಡುವೆ ಸೂರ್ಯನಿಂದ ಶನಿಗಿರುವುದಕ್ಕಿಂತ ತುಸು ಹೆಚ್ಚು ಅಂತರ. ದೂರ ಹೋದಾಗ ಹೆಚ್ಚುಕಡಿಮೆ ಪ್ಲೂಟೋವರೆಗಿನಷ್ಟು. ರಿಶೋ ನೋಡಿದ ಮೇಲೆ ಅವು ನಾಲ್ಕು ಸುತ್ತು ಮುಗಿಸಿ ಐದನೆಯದರಲ್ಲಿವೆ.

ಮೂರನೆಯವನು ಉಳಿದಿದ್ದ. ಅವನನ್ನು ಯಾರೂ ಹುಡುಕುತ್ತಲೂ ಇರಲಿಲ್ಲ.

ರಾಬರ್ಟ್ ಇನ್ನಿಸ್ ಶಾಲೆ ಬಿಟ್ಟದ್ದು 12ನೆಯ ವಯಸ್ಸಿಗೆ. ಸಿಡ್ನಿಯಲ್ಲಿ ಮದ್ಯದ ವ್ಯಾಪಾರ ಮಾಡುತ್ತ ತಾವೇ ಓದಿ ಖಗೋಳ ಕಲಿತರು, ಜೋಡಿ ನಕ್ಷತ್ರ ಹುಡುಕುವುದರಲ್ಲಿ ಹೆಸರು ಮಾಡಿದರು, ಕೊನೆಗೆ ಜೊಹಾನ್ಸ್‌ಬರ್ಗಿನ ಯೂನಿಯನ್ ವೀಕ್ಷಣಾಲಯದ ನಿರ್ದೇಶಕರಾದರು. ಗಾಂಧೀಜಿ ದಕ್ಷಿಣ ಆಫ್ರಿಕದಿಂದ ಬಂದು ಭಾರತದ ನೆಲದಲ್ಲಿ ಇಳಿದ 1915ರಲ್ಲೇ, ಅಂಕೋಲೆಯವರು ಉಪ್ಪಿನ ಸತ್ಯಾಗ್ರಹಕ್ಕೆ ನಿಲ್ಲಲು ಇನ್ನೂ 15 ವರ್ಷ ಇರುವಾಗ, ಇನ್ನಿಸ್ ಎರಡು ಛಾಯಾಫಲಕಗಳನ್ನು ಯಂತ್ರಕ್ಕೆ ಹಾಕಿ ಕೂತಿದ್ದರು. ಒಂದು 1910ರಲ್ಲಿ ತೆಗೆದದ್ದು, ಇನ್ನೊಂದು 1915ರದ್ದು. ಯಂತ್ರದಲ್ಲಿ ಒಂದೇ ಕಣ್ಣಿಗೆ ಒಮ್ಮೆ ಇದು, ಒಮ್ಮೆ ಅದು, ಚಕಚಕನೆ ಬದಲಾಗಿ ಕಾಣುತ್ತದೆ. ಕದಲದ ನಕ್ಷತ್ರಗಳು ಕದಲದೆ ನಿಲ್ಲುತ್ತವೆ. ಐದು ವರ್ಷದಲ್ಲಿ ಜಾಗ ಬದಲಿಸಿದ್ದು ಯಾವುದಾದರೂ ಇದ್ದರೆ ಅದೊಂದು ಮಾತ್ರ ಆಚೀಚೆ ಜಿಗಿಯುತ್ತದೆ. ಸಾವಿರಾರು ಚುಕ್ಕಿಗಳ ನಡುವೆ ಮಸುಕಾದ ಒಂದು ಚುಕ್ಕಿ ಜಿಗಿಯಿತು. ಆಲ್ಫಾ ಸೆಂಟಾರಿಯಿಂದ ಎರಡು ಡಿಗ್ರಿಗೂ ಹೆಚ್ಚು ದೂರ, ಅಂದರೆ ನಾಲ್ಕು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಡುವಷ್ಟು ಆಚೆ. ಆದರೆ ಅದು ಹೋಗುತ್ತಿದ್ದ ದಿಕ್ಕು, ವೇಗ ಎರಡೂ ಆಲ್ಫಾದವೇ.

ನಮ್ಮ ಕಡೆ ಜಾತ್ರೆಯ ಜನಜಂಗುಳಿಯಲ್ಲಿ ಒಂದೇ ಮನೆಯವರನ್ನು ಗುರುತಿಸುವುದು ಹಾಗೆಯೇ ಅಲ್ಲವೇ? ದೂರ ದೂರ ನಡೆಯುತ್ತಿದ್ದರೂ ಹೋಗುವ ದಾರಿ ಒಂದೇ ಇರುತ್ತದೆ.

ಕೇಪ್‌ನಲ್ಲಿ ಯೋನ್ ವೌಟ್ ಎಂಬವರೂ ಇದರ ದೂರ ಅಳೆದರು. ಆಲ್ಫಾದಷ್ಟೇ ಹತ್ತಿರ ಎಂದು ಕಂಡಿತು. ಇನ್ನಿಸ್ 1917ರಲ್ಲಿ ಇದಕ್ಕೆ 'ಅತಿ ಸಮೀಪದ' ಎಂಬ ಅರ್ಥದ ಪ್ರಾಕ್ಸಿಮಾ ಎಂಬ ಹೆಸರನ್ನು ಸೂಚಿಸಿದರು. ಆಗಿನ ಅಳತೆಯಲ್ಲಿ ಅದನ್ನು ಖಚಿತವಾಗಿ ಹೇಳುವಷ್ಟು ನಿಖರತೆ ಇರಲಿಲ್ಲ. ಆದರೆ ಅವರ ಮಾತು ನಿಜವಾಯಿತು. ಪ್ರಾಕ್ಸಿಮಾ 4.24 ಜ್ಯೋತಿರ್ವರ್ಷ ದೂರದಲ್ಲಿದೆ, ಅಣ್ಣಂದಿರಿಬ್ಬರಿಗಿಂತ ತುಸು ನಮ್ಮ ಕಡೆಗೆ. ಸೂರ್ಯನ ಭಾರದ ಎಂಟನೆಯ ಒಂದು ಪಾಲು ಮಾತ್ರ ಇರುವ ಕೆಂಪು ಕುಬ್ಜ. ಬರಿಗಣ್ಣಿಗೆ ಕಾಣುವ ಅತಿ ಮಸುಕು ನಕ್ಷತ್ರಕ್ಕಿಂತಲೂ ನೂರು ಪಟ್ಟು ಮಸುಕು. ನಮಗೆ ಅತಿ ಹತ್ತಿರದ ನಕ್ಷತ್ರ ನಮ್ಮ ಕಣ್ಣಿಗೇ ಕಾಣುವುದಿಲ್ಲ. ಎಷ್ಟು ಸಲ ಹೇಳಿಕೊಂಡರೂ ಈ ಸಂಗತಿ ನನಗೆ ಹಳೆಯದಾಗಿಲ್ಲ.

ಆದರೂ ನೂರು ವರ್ಷ ಒಂದು ಅನುಮಾನ ಉಳಿಯಿತು. ಪ್ರಾಕ್ಸಿಮಾ ನಿಜಕ್ಕೂ ಆ ಇಬ್ಬರಿಗೆ ಕಟ್ಟಿಕೊಂಡಿದೆಯೋ, ಇಲ್ಲವೇ ದಾರಿಯಲ್ಲಿ ಸ್ವಲ್ಪ ಹೊತ್ತು ಜೊತೆಯಾಗಿದೆಯೋ? ಇದನ್ನು ತೀರ್ಮಾನಿಸಲು ಅದು ನಮ್ಮತ್ತ ಬರುವ ವೇಗವನ್ನು ಬಹಳ ನಿಖರವಾಗಿ ಅಳೆಯಬೇಕಿತ್ತು. 2016ರಲ್ಲಿ ಪಿಯೆರ್ ಕೆರ್ವೆಲ್ಲಾ, ಫ್ರೆಡೆರಿಕ್ ತೆವೆನಾಂ, ಕ್ರಿಸ್ಟೋಫ್ ಲೊವಿಸ್ ಆ ಕೆಲಸ ಮಾಡಿ ತೋರಿಸಿದರು: ಕಟ್ಟಿಕೊಂಡಿದೆ. ಪ್ರಾಕ್ಸಿಮಾ ಅಣ್ಣಂದಿರನ್ನು ಒಂದು ಸುತ್ತು ಬರಲು ಸುಮಾರು ಐದೂವರೆ ಲಕ್ಷ ವರ್ಷ ತೆಗೆದುಕೊಳ್ಳುತ್ತದೆ. 1689ರಿಂದ 2016: ನಾನು ಹೇಳಿದ 327 ವರ್ಷ ಇದೇ. ಅದೇ 2016ರ ಆಗಸ್ಟ್‌ನಲ್ಲಿ ಗಿಯೆಮ್ ಅಂಗ್ಲಾಡಾ ಎಸ್ಕುಡೆ ಅವರ ತಂಡ ಪ್ರಾಕ್ಸಿಮಾವನ್ನು 11 ದಿನಕ್ಕೊಮ್ಮೆ ಸುತ್ತುವ ಗ್ರಹವೊಂದನ್ನು ಪ್ರಕಟಿಸಿತು. 2025ರ ಆಗಸ್ಟ್‌ನಲ್ಲಿ ವೆಬ್ ಬಾಹ್ಯಾಕಾಶ ದೂರದರ್ಶಕದ ಚಿತ್ರಗಳಿಂದ ಎ ನಕ್ಷತ್ರಕ್ಕೂ ಶನಿಯಷ್ಟು ಭಾರದ ಗ್ರಹ ಇರಬಹುದೆಂಬ ಸುದ್ದಿ ಬಂತು. ಒಮ್ಮೆ ಕಂಡದ್ದು ಮತ್ತೆರಡು ಸಲ ನೋಡಿದಾಗ ಕಾಣಲಿಲ್ಲ. ಅದನ್ನು ಇನ್ನೂ ಖಚಿತ ಎನ್ನುವಂತಿಲ್ಲ.

ಪುದುಚೇರಿಯ ಆ ಪಾದ್ರಿಯ ಕತೆ ನಮಗೆ ತಿಳಿದಿರುವುದಕ್ಕೆ ಬೆಂಗಳೂರಿನ ಮೂವರಿಗೆ ನಾವು ಋಣಿಗಳು. ಮದ್ರಾಸ್ ವೀಕ್ಷಣಾಲಯದ ಬೇರು 1899ರಲ್ಲಿ ಕೊಡೈಕನಾಲಿಗೆ ಹೋಗಿ, ಅಲ್ಲಿಂದ ಬೆಳೆದು, ಇಂದು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯಾಗಿದೆ. ಅಲ್ಲಿನ ಖಗೋಳ ವಿಜ್ಞಾನಿ ಎನ್. ಕಾಮೇಶ್ವರ ರಾವ್, ಗ್ರಂಥಾಲಯದ ಎ. ವಾಗೀಶ್ವರಿ ಮತ್ತು ಕ್ರಿಸ್ಟಿನಾ ಲೂಯಿಸ್ ಸೇರಿ, ರಿಶೋ ಭಾರತದಲ್ಲಿ ದೂರದರ್ಶಕ ಹಿಡಿದು ಮಾಡಿದ ವೀಕ್ಷಣೆಗಳ ಬಗ್ಗೆ 1984ರಲ್ಲಿ ಲೇಖನ ಬರೆದರು. ನಕ್ಷತ್ರ ಕಂಡವರನ್ನು ಕಂಡುಹಿಡಿದವರು ಇವರು. ಪುಸ್ತಕ ಕಾಯುವವರ ಕೈಯಲ್ಲೂ ಆವಿಷ್ಕಾರ ಆಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಈ ನಕ್ಷತ್ರ ಲಂಡನ್ನಿಗೆ ಕಾಣುವುದಿಲ್ಲ, ಪ್ಯಾರಿಸಿಗೆ ಕಾಣುವುದಿಲ್ಲ. ದಿಲ್ಲಿಯಲ್ಲಿ ದಿಗಂತವನ್ನು ಸವರುವಷ್ಟರಲ್ಲಿ ಧೂಳಿನಲ್ಲಿ ಮುಳುಗುತ್ತದೆ. ಅಂಕೋಲೆಯಲ್ಲಿ 14 ಡಿಗ್ರಿಗೂ ಮೇಲೆ ಬರುತ್ತದೆ. ಒಮ್ಮೆ ಮೂಡಿದರೆ ಎಂಟು ತಾಸು ಇರುತ್ತದೆ. ಭೂಮಿಯ ಅಕ್ಷ ಮೆಲ್ಲಗೆ ತೂಗುವುದರಿಂದ ಅದು ತಲೆಮಾರಿನಿಂದ ತಲೆಮಾರಿಗೆ ನಮಗೆ ತಗ್ಗಿಗೆ ಇಳಿಯುತ್ತಲೂ ಇದೆ. ಮಯೂರವರ್ಮನ ಬನವಾಸಿಯಲ್ಲಿ ಅದು ಈಗಿನದಕ್ಕಿಂತ ಏಳೆಂಟು ಡಿಗ್ರಿ ಎತ್ತರದಲ್ಲಿ ಕಾಣುತ್ತಿತ್ತು.

ಕಾರವಾರ, ಅಂಕೋಲೆಗಳ ಶಾಲೆ ಕಾಲೇಜುಗಳಲ್ಲಿ ಎರಡು ಮೂರು ಇಂಚಿನ ದೂರದರ್ಶಕ ಇದ್ದರೆ ಬೀರುವಿನಿಂದ ಹೊರಗೆ ತೆಗೆಯಿರಿ. ಎ ಮತ್ತು ಬಿ ಬೇರೆಬೇರೆಯಾಗಿ ಕಾಣಲು ಅಷ್ಟು ಸಾಕು, ಮತ್ತು ನಮ್ಮ ಕಣ್ಣಿಗೆ ಅವುಗಳ ನಡುವಿನ ಅಂತರ ಈ ದಶಕದಲ್ಲಿ ಹೆಚ್ಚುತ್ತಿದೆ. ಮುಂದಿನ ದಶಕದ ಉತ್ತರಾರ್ಧದಲ್ಲಿ ಅವು ಮತ್ತೆ ತೀರ ಒತ್ತಾಗುತ್ತವೆ. ಆಗ ಬಿಡಿಸಿ ನೋಡುವುದು ಕಷ್ಟ. ದೂರದರ್ಶಕ ಇಲ್ಲದಿದ್ದರೆ ಚಿಂತೆಯಿಲ್ಲ, ಮಕ್ಕಳನ್ನು ಕೇಣಿಯ ದಂಡೆಗೋ ಮನೆಯ ಅಂಗಳಕ್ಕೋ ಕರೆದೊಯ್ದು ತೆಂಕಣಕ್ಕೆ ಮುಖ ಮಾಡಿ ನಿಲ್ಲಿಸಿ. ಮೇ ಕೊನೆಯ ವಾರದಲ್ಲಿ ಆಲ್ಫಾ ಸೆಂಟಾರಿ ರಾತ್ರಿ ಹನ್ನೊಂದಕ್ಕೆ ನೇರ ದಕ್ಷಿಣದಲ್ಲಿರುತ್ತದೆ. ಜೂನ್ ಮೊದಲ ವಾರ ಕಳೆಯುವಷ್ಟರಲ್ಲಿ ಮಳೆ ಹಿಡಿದು ಆಕಾಶ ಮುಚ್ಚುತ್ತದೆ.